ಮಹೆಕಳ ಕೊರಳಿನ ಹಲಗೆ

೧೧ ಸೆಪ್ಟೆಂಬರ್, ಗುರುವಾರ, ಆಳಂದ

ನಾಳೆ ಕ್ಲಾಸಿನಲ್ಲಿ ಒಂದು ಇಂಗ್ಲಿಷ್ ಪದದ ಮೂಲದ ಬಗ್ಗೆ ಮಾತಾಡಬೇಕು. ಎಲ್ಲರೆದುರು ಇಂಗ್ಲಿಷಿನಲ್ಲಿ ಮಾತಾಡುವುದೆಂದರೆ ನನಗೆ ಭಯ. ಮಂಚಕ್ಕೆ ಅನ್ನುವ ‘ಕಾಟ್’ ಆರಿಸಿಕೊಂಡೆ. ನಿಘಂಟು ತೆರೆದರೆ, ನನ್ನ ಕ್ಲಾಸಿನ ಗೆಳತಿ ಮಹೆಕಳ ಮನೆಯಲ್ಲಿ ಅನ್ನುವ ‘ಖಾಟ್’ನಿಂದಲೇ ಅದು ಇಂಗ್ಲಿಷಿಗೆ ಹೋದದ್ದಂತೆ.

ಹಿಂದೆ ನಮ್ಮ ಶಾಲೆಯ ಹಾಸ್ಟೆಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವರ ಕೊರಳಿಗೆ ಶಿಕ್ಷೆಯಾಗಿ ಒಂದು ಹಲಗೆ ಬೀಳುತ್ತಿತ್ತು. ‘ಖಾಟ್’ ಅಂದದ್ದಕ್ಕೆ ಮಹೆಕಳಿಗೆ ಅದನ್ನು ಹಾಕಿದವಳು ಲೀಡರ್ ಆಗಿದ್ದ ನಾನೇ. ಅದನ್ನು ಹೊತ್ತೇ ಅವಳು ಊಟಕ್ಕೆ ಕುಳಿತಿದ್ದಳು.

ಇವತ್ತು ಸಂಜೆ ‘ಕಾಟ್’ನ ಮೂಲ ಅವಳಿಗೆ ಹೇಳಿದೆ. ನಕ್ಕಳು.

“ಈಗ ಹಲಗಿ ಯಾರ ಕೊಳ್ಳಾಗ ಹಾಕ್ತೀಬೇ ಲೀಡರ್, ಇಂಗ್ಲಿಷರಿಗೇನು?”

“ನನಗ ಹಾಕು. ನಿನಗ ಹಲಗಿ ಹಾಕಿದ್ದು ನಾನs ಅಂತ ನಾಳೆ ಎಲ್ಲಾರ ಮುಂದ ಹೇಳ್ತೇನಿ.”

ಅವಳ ನಗು ನಿಂತಿತು.

ಇಂಗ್ಲಿಷ್ ತಡವರಿಸಿದರೆ ತಡವರಿಸಲಿ. ಪದದ ಮೂಲಕ್ಕಿಂತ ಮೊದಲು ಆ ಹಲಗೆಯ ಮಾತು ಎತ್ತುತ್ತೇನೆ. ಮಹೆಕ ಮುಂದಿನ ಬೆಂಚಿನಲ್ಲೇ ಕೂರುತ್ತಾಳಂತೆ.