ಮುಂಗಡ ಕೊಟ್ಟಿರಿ, ನೂಲೆಲ್ಲಿ?

ಸಾಲ ವಿದ್ಯಾರ್ಥಿವೇತನದ ವಸೂಲಿ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ಕಳಿಸಿದ ಜಪ್ತಿ ನೋಟೀಸು ಬೆಟಗೇರಿಗೆ ಸುರಕ್ಷಿತವಾಗಿ ತಲುಪಿದೆ. ಸಾಲ ಪಡೆದ ನನ್ನ ಮನೆಗಲ್ಲ, ನನಗೆ ಜಾಮೀನು ನಿಂತ ಫಕ್ರುಸಾಬರ ಮನೆಗೆ. ನೂಲಿಗೆ ಬಣ್ಣ ಹಾಕಿ ಬದುಕುವ ಈ ಮುದುಕರು ನನ್ನ ಮೇಲಿನ ಎರಡು ಸಾವಿರದ ನೂರಾ ಅರವತ್ತು ರೂಪಾಯಿಯನ್ನು ಮೂವತ್ತು ದಿನಗಳಲ್ಲಿ ಕಟ್ಟಬೇಕಂತೆ, ಇಲ್ಲದಿದ್ದರೆ ಅವರ ಎರಡಂಕಣದ ಮನೆ ಹರಾಜಂತೆ. ಓದಿದವನು ನಾನು, ಬೀದಿಗೆ ಬೀಳಬೇಕಾದವರು ಅವರು! ಇದನ್ನು ಟೈಪು ಮಾಡಿಸಿ ಮೊಹರು ಒತ್ತಲು ತಮಗೆ ಮನಸ್ಸಾದರೂ ಹೇಗೆ ಬಂತು? ಓದಿ ನನಗೆ ಹೇಸಿಗೆಯಾಯಿತು.

ಎಪ್ಪತ್ತಾರನೇ ಇಸವಿಯಲ್ಲಿ ನಾನು ಗದಗಿನಲ್ಲಿ ಬಿ.ಎ.ಗೆ ಸೇರಿ ಸಮಾಜಶಾಸ್ತ್ರ ತೆಗೆದುಕೊಂಡೆ. ಓದುವಾಗ ಸಾಲ ಪಡೆಯಿರಿ, ಗಳಿಸುವಾಗ ತೀರಿಸಿರಿ ಎಂದು ತಮ್ಮ ಕಚೇರಿಯ ಹಾಳೆಯಲ್ಲಿ ಚೆಂದಾಗಿ ಅಚ್ಚಾಗಿತ್ತು. ನನ್ನ ಅಪ್ಪ ನಾರಾಯಣಪ್ಪ ನೇಕಾರ, ಇರುವುದು ಬಾಡಿಗೆ ಮನೆ. ಸ್ವಂತ ಮನೆಯಿದ್ದವರ ಜಾಮೀನು ಬೇಕೆಂದಿರಿ. ಅಪ್ಪ ಕಾಗದ ಹಿಡಿದು ನೆರೆಮನೆಯ ಫಕ್ರುಸಾಬರ ಅಂಗಳಕ್ಕೆ ಹೋದಾಗ ನಾನೂ ಜೊತೆಗಿದ್ದೆ.

ನಮ್ಮ ಓಣಿಯ ರೂಢಿಯೊಂದು ತಮಗೆ ಗೊತ್ತಿರಲಿಕ್ಕಿಲ್ಲ. ಸಾವಕಾರ ನೇಕಾರನಿಗೆ ಮುಂಗಡ ಕೊಟ್ಟನೆಂದರೆ ವಾರ ವಾರ ನೂಲನ್ನೂ ಕೊಡುತ್ತಾನೆ. ನೇಯ್ದ ಸೀರೆಯ ಕೂಲಿಯಲ್ಲಿ ಮುಂಗಡ ಸ್ವಲ್ಪ ಸ್ವಲ್ಪವೇ ಮುರಿಯುತ್ತದೆ. ನೂಲು ಕೊಡದೆ ಮುಂಗಡ ವಾಪಸು ಕೇಳಬಂದವನನ್ನು ಹಿರಿಯರು ಕಟ್ಟೆಗೆ ಕೂಡಿಸಿ ನಾಲ್ಕು ಮಾತು ಕೇಳುತ್ತಾರೆ. ಅಪ್ಪನಿಗೆ ಗೊತ್ತಿದ್ದ ಸಾಲ ಇದೊಂದೇ.

"ಹೆಬ್ಬೆಟ್ಟ ಒತ್ರಿ, ಸಾಬರ. ಮುಂಗಡ ಕೊಟ್ಟಾವ ನೂಲ ಕೊಡಲಾರದ ಎಲ್ಲಿ ಹೋಗ್ತಾನ? ಸರಕಾರ ರೊಕ್ಕ ಕೊಡಾಕತ್ತೈತಿ ಅಂದ್ರ ಮುಂದ ಕೆಲಸಾನೂ ಕೊಡ್ತೈತಿ."

"ಖರೆ ಐತಿ," ಎಂದರು ಫಕ್ರುಸಾಬರು. "ಸಾವಕಾರ ಮಾಡೂದು ಸರಕಾರ ಮಾಡೂದಿಲ್ಲೇನು?" ಬಣ್ಣ ಹತ್ತಿದ ಹೆಬ್ಬೆಟ್ಟನ್ನು ಪಂಚೆಗೆ ಒರೆಸಿಕೊಂಡು ಒತ್ತಿಯೇಬಿಟ್ಟರು.

ತಾವು ನಗುತ್ತಿರಬಹುದು. ಇಬ್ಬರೂ ತಪ್ಪು ತಿಳಿದಿದ್ದರು, ನಿಜ. ಆದರೆ ಅವರ ತಪ್ಪಿನಲ್ಲಿರುವ ಮರ್ಯಾದೆ ತಮ್ಮ ನಿಯಮದಲ್ಲಿ ಎಲ್ಲಿದೆ?

ಎಪ್ಪತ್ತೊಂಬತ್ತರಲ್ಲಿ ಎರಡನೇ ದರ್ಜೆಯಲ್ಲಿ ಪಾಸಾದೆ. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ, ಎರಡು ವರ್ಷ ಆ ಕಾರ್ಡನ್ನು ನವೀಕರಿಸುವುದನ್ನೇ ಉದ್ಯೋಗ ಮಾಡಿಕೊಂಡೆ. ಕೊನೆಗೆ ಮುಂಡರಗಿ ಕಡೆಯ ಖಾಸಗಿ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುವ ಕೆಲಸ ಸಿಕ್ಕಿತು. ಸಹಿ ಮಾಡುವುದು ಇನ್ನೂರೈವತ್ತಕ್ಕೆ, ಕೈಗೆ ಬರುವುದು ಎಂಬತ್ತು. ಏಳನೇ ಇಯತ್ತೆ ಬಿಟ್ಟು ಮಗ್ಗಕ್ಕೆ ಕುಳಿತ ನನ್ನ ತಂಗಿ ಬನಶಂಕರಿ ತಿಂಗಳಿಗೆ ನೂರಾ ನಲವತ್ತು ದುಡಿಯುತ್ತಾಳೆ. "ಅಣ್ಣಾ, ಪಗಾರ ತರಾಕ ಹೋಗೂ ಬಸ್ಸಿನ ರೊಕ್ಕಾನೂ ನನ್ನ ಕಡೇನ ಇಸ್ಕೊಳ್ಳೊ," ಎಂದು ಆಕೆ ನಗುತ್ತಾಳೆ. ಇಸಿದುಕೊಂಡಿದ್ದೇನೆ ಕೂಡ.

ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನನಗೆ ಎಂಬತ್ತು ರೂಪಾಯಿ ಬರತೊಡಗಿದ್ದೇ ತಡ, ತಾವು ಅದನ್ನು 'ಗಳಿಕೆ' ಎಂದು ಬರೆದುಕೊಂಡು ತಿಂಗಳಿಗೆ ಮೂವತ್ತರ ಕಂತು ಗೊತ್ತುಮಾಡಿದಿರಿ. ಹತ್ತು ಕಟ್ಟುತ್ತೇನೆಂದು ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಉತ್ತರವಿಲ್ಲ. ಖುದ್ದಾಗಿ ಬಂದು ನಿಂತಾಗ ತಾವು ಕಡತದಿಂದ ತಲೆಯೆತ್ತದೆ ಹೇಳಿದ ಮಾತು ಮರೆತಿಲ್ಲ: "ಸಮಾಜಶಾಸ್ತ್ರ ಓದಂತ ನಾವೇನ್ ಹೇಳಿದ್ವೇನ್ರಿ?"

ಹೇಳಲಿಲ್ಲ, ಮಾನ್ಯರೇ. ಬೇಡವೆಂದೂ ಹೇಳಲಿಲ್ಲ. ಖರ್ಚಾಗದ ಸೀರೆಗೆ ಯಾವ ಸಾವಕಾರನೂ ಮುಂಗಡ ಕೊಡುವುದಿಲ್ಲ. ಪೇಟೆಯ ಧಾರಣೆ ಕೇಳಿಯೇ ಗಂಟು ಬಿಚ್ಚುತ್ತಾನೆ. ಡಾಕ್ಟರಾಗುವವನಿಗೂ ನನಗೂ ಒಂದೇ ಕರಾರು ಬರೆಸಿಕೊಂಡ ತಾವು, ನನ್ನ ಪದವಿಗೆ ಮೊದಲ ಐದು ವರ್ಷ ಎಷ್ಟು ಸಿಗುತ್ತದೆಂದು ಒಬ್ಬರನ್ನಾದರೂ ಕೇಳಿದಿರಾ? ಓದಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಮ್ಮ ಓಣಿ ಏಕೆ ಹೀಗಿದೆಯೆಂದು ನನಗೆ ತಿಳಿದದ್ದೇ ಆ ಪುಸ್ತಕಗಳಿಂದ. ನಲವತ್ತರ ವಯಸ್ಸಿಗೆ ಅದು ನಾಲ್ಕು ಕಾಸನ್ನೂ ತಂದೀತು. ಆದರೆ ತಮ್ಮ ಕಂತಿಗೆ ಇಪ್ಪತ್ತೈದಕ್ಕೇ ಹಸಿವೆ.

ನೋಟೀಸು ಬಂದ ದಿನ ಫಕ್ರುಸಾಬರು ನನ್ನನ್ನೇ ಕರೆಸಿದರು. ಅವರಿಗೆ ಓದಲು ಬರುವುದಿಲ್ಲ. ಅವರ ಮನೆಯ ಹರಾಜಿನ ಮಾತನ್ನು ಅವರದೇ ಹೊಸ್ತಿಲಲ್ಲಿ ಕುಳಿತು ನಾನು ಗಟ್ಟಿಯಾಗಿ ಓದಿದೆ. ತಮ್ಮ ಸಾಲದಿಂದ ಕಲಿತ ವಿದ್ಯೆ ಮೊದಲ ಸಲ ಒಬ್ಬರ ಉಪಯೋಗಕ್ಕೆ ಬಂದದ್ದು ಹೀಗೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಬದುಕುತ್ತಿದ್ದೆ. ಅವರು ನೋಟೀಸಿನ ಮೇಲೆ ಬೆರಳಾಡಿಸಿ ಕೇಳಿದರು:

"ಇದರಾಗ ನೂಲಿನ ಮಾತ ಇಲ್ಲಲ್ಲೋ ತಮ್ಮಾ?"

"ಇಲ್ಲ, ಕಾಕಾ."

"ಹಂಗಾರ ಸರಕಾರಕ್ಕ ಮರತೈತಿ. ನೀ ಓದಿದಾವ ಅದಿ, ಒಂದ ಕಾಗದ ಬರದು ನೆನಪ ಮಾಡು."

ಮರೆತದ್ದಲ್ಲ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅದಕ್ಕೇ ಎಲ್ಲರೂ ಓದುವಂತೆ ಪತ್ರಿಕೆಯ ಮೂಲಕ ಈ ಕಾಗದ ಬರೆದಿದ್ದೇನೆ. ಸಾಲ ನನ್ನದು, ನನ್ನಿಂದಲೇ ತೆಗೆದುಕೊಳ್ಳಿ: ಈಗ ತಿಂಗಳಿಗೆ ಹತ್ತರಂತೆ, ಪೂರ್ತಿ ಪಗಾರದ ಕೆಲಸ ಸಿಕ್ಕ ದಿನದಿಂದ ಮೂವತ್ತರಂತೆ. ಫಕ್ರುಸಾಬರ ಮೇಲಿನ ನೋಟೀಸನ್ನು ಬರಹದಲ್ಲಿ ವಾಪಸು ಪಡೆಯಿರಿ. ತಮ್ಮ ಮೂವತ್ತು ದಿನಗಳಲ್ಲಿ ಒಂಬತ್ತು ಕಳೆದಿವೆ. ಅಂಚೆಯವನು ಓಣಿಗೆ ಬಂದಾಗಲೆಲ್ಲ ಮುದುಕರು ಎದ್ದು ಬಾಗಿಲಿಗೆ ಬರುತ್ತಾರೆ. ಅವನು ದಾಟಿ ಹೋದ ಮೇಲೆ ನನ್ನ ಕಡೆ ತಿರುಗಿ ಕೇಳುತ್ತಾರೆ: "ಕಾಗದ ಬರದಿ ಇಲ್ಲೋ?"

ಇಂತಿ,
ಮುಂಗಡ ಉಂಡು ನೂಲಿಗಾಗಿ ಕಾದಿರುವ
ಪ್ರಲ್ಹಾದ ನಾರಾಯಣಪ್ಪ, ಬಿ.ಎ.
ಬೆಟಗೇರಿ, ೧೯೮೩