ಹಾಸಿಗೆಯಡಿಯ ದೊಡ್ಡ ಕಾಮಿಕ್ಸ್

ಅಣ್ಣಾ,

ಇವತ್ತು ನಿನ್ನ ಬಾಡಿಗೆ ಕೋಣೆ ಖಾಲಿ ಮಾಡಿ ಬಂದೆ. ನೀನು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದೇ ಹದಿನೆಂಟು ದಿನವಾದ ಮೇಲೆ, ನೀನು ಕರಡು ತಿದ್ದುತ್ತಿದ್ದ ಪ್ರೆಸ್ಸಿನವರಿಂದ. ಮನೆಯೊಡತಿ ಏನೂ ಕೇಳದೆ ಬೀಗ ತೆಗೆದರು.

ಹಾಸಿಗೆ ಎತ್ತಿದರೆ ಅಡಿಯಲ್ಲಿ ಆ ಸೂಪರ್‌ಹೀರೋ ಕಾಮಿಕ್ಸ್! ನಾವು ಚಿಕ್ಕವರಿದ್ದಾಗ ಬರುತ್ತಿದ್ದ ದೊಡ್ಡ ಅಳತೆಯವು. ಕೈಯಲ್ಲಿ ಹಿಡಿಯಲಾಗದೆ ನೆಲದ ಮೇಲೆ ಹರಡಿ, ಬೋರಲು ಮಲಗಿ, ಎಡಪುಟ ನೀನು, ಬಲಪುಟ ನಾನು ಗಟ್ಟಿಯಾಗಿ ಓದುತ್ತಿದ್ದೆವಲ್ಲ, ಅವೇ. ಅಮ್ಮ ತೀರಿಕೊಂಡ ವರ್ಷ ನಾವು ಮಾತು ಬಿಟ್ಟಾಗ, ಎಲ್ಲವನ್ನೂ ರದ್ದಿಗೆ ಹಾಕಿದೆ ಎಂದು ನೀನು ಹೇಳಿದ್ದೆ. ನಾನು ನಂಬಿದ್ದೆ.

"ಕೊನೆಕೊನೆಗೆ ಅವರಿಗೆ ಕಣ್ಣೇ ಕಾಣ್ತಿರಲಿಲ್ಲ," ಎಂದರು ಮನೆಯೊಡತಿ. "ನಾನೇ ಓದಿ ಹೇಳ್ತಿದ್ದೆ. ಎಡಗಡೆ ಪುಟ ಮಾತ್ರ. ಬಲಗಡೇದು ಓದೋಕೆ ಹೋದ್ರೆ, ಬೇಡಮ್ಮಾ, ಅದು ನನ್ನ ತಂಗೀದು ಅಂತ ತಡೀತಿದ್ರು. ಅವರು ಇಲ್ಲಿದ್ದ ಹನ್ನೊಂದು ವರ್ಷದಲ್ಲಿ ಒಂದು ದಿನಾನಾದ್ರೂ ಆ ತಂಗಿ ಈ ಕಡೆ ತಲೆ ಹಾಕಿದ್ಳಾ? ಕಲ್ಲು ಮನಸ್ಸಿನೋಳು."

ನಾನು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಲೇ ಇದ್ದೆ.

ಹೊರಡುವಾಗ ಆಕೆ ಪುಸ್ತಕಗಳ ಕಟ್ಟು ತಂದು ಮುಂದೆ ಹಿಡಿದರು. "ಇದನ್ನೂ ತಗೊಂಡು ಹೋಗಿ. ಅಂದ ಹಾಗೆ, ನೀವು ಅವರಿಗೆ ಏನಾಗ್ಬೇಕು?"

"ಜೊತೇಲಿ ಕೆಲಸ ಮಾಡ್ತಿದ್ದೆ," ಎಂದೆ. "ಅವು ಇಲ್ಲೇ ಇರ್ಲಿ. ತಂಗಿ ಬಂದ್ರೆ ಕೊಡಿ."