ಟೈಲರಮ್ಮನ ಎಡಮಂಡಿ

ನವೆಂಬರ್ ೬, ಗುರುವಾರ

ಟೈಲರಮ್ಮನ ಎಕ್ಸ್‌ರೇ ಇನ್ನೂ ತಲೆ ತಿನ್ನುತ್ತಿದೆ. ಅವರ ಬಲಮಂಡಿ ಬದಲಿಸಿದವನು ನಾನು. ಎಡಮಂಡಿಯ ಆಪರೇಷನ್ ಆದದ್ದು ಅವರ ಮಗಳಿರುವ ದೇಶದಲ್ಲಿ. ಅಲ್ಲಿಯವರು ಮಂಡಿಚಿಪ್ಪಿನ ಒಳಮೈಗೂ ಪ್ಲಾಸ್ಟಿಕ್ ಕೂರಿಸಿದ್ದಾರೆ. ನಾವು ಚಿಪ್ಪಿನ ತಂಟೆಗೇ ಹೋಗುವುದಿಲ್ಲ. ಯಾಕೆಂದು ನಾನು ಯಾವತ್ತೂ ಕೇಳಿಕೊಂಡವನಲ್ಲ. ನಮ್ಮ ಮೇಷ್ಟ್ರು ಮುಟ್ಟುತ್ತಿರಲಿಲ್ಲ, ಅಷ್ಟೇ.

"ಯಾವ ಮಂಡಿ ಚೆನ್ನಾಗಿದೆ ಅಮ್ಮ? ನಿಜ ಹೇಳಿ" ಎಂದೆ.

"ಎರಡೂ ಚಿನ್ನದಂಥವು ಡಾಕ್ಟ್ರೇ. ನಿಮ್ದು ಒಂದು ಕೈ ಮೇಲೇ ಅನ್ನಿ!"

ಉಬ್ಬಿಹೋದೆ. ಆಮೇಲೆ ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಿಂದ ಅವರು ಮೆಟ್ಟಿಲು ಹತ್ತುವುದನ್ನು ಕೆಳಗೆ ನಿಂತು ನೋಡಿದೆ. ಗಟ್ಟಿ ಎನಿಸಿದ ಕಾಲನ್ನೇ ಯಾರಾದರೂ ಮೊದಲು ಮೇಲಿಡುವುದು. ಪ್ರತಿ ಮೆಟ್ಟಿಲಿಗೂ ಅವರ ಎಡಗಾಲೇ ಮುಂದು. ನನ್ನದು ಹಿಂದಿನಿಂದ ಬಂದು ಸೇರಿಕೊಳ್ಳುತ್ತಿತ್ತು.

ಚಿಪ್ಪಿನ ಕಾರಣವೋ, ಬರೀ ಅಭ್ಯಾಸವೋ? ನಾಳೆ ಕರೆಸಿ ಕೇಳಲೇ? ಕೇಳಿದರೆ, ಪಾಪ, ಮತ್ತೆ ನನ್ನ ಮಂಡಿಯನ್ನೇ ಹೊಗಳುತ್ತಾರೆ.